ಎತ್ತರದ ಚಾಲಕ, ಗಿಡ್ಡ ಕಾರು

ಎತ್ತರದವರಿಗೆ ಉದ್ದನೆಯ ಕಾರೇ ಬೇಕೆಂದು ನೀವು ಭಾವಿಸಿರಬಹುದು. ಜಪಾನಿನ 'ಕೇ' ಕಿರುಕಾರುಗಳ ಚರಿತ್ರೆ ಬೇರೆಯೇ ಹೇಳುತ್ತದೆ. 1990ರ ನಿಯಮದಂತೆ ಇವುಗಳ ಉದ್ದ 3.3 ಮೀಟರ್, ಅಗಲ 1.4 ಮೀಟರ್, ಎಂಜಿನ್ 660 ಸಿ.ಸಿ. ಮೀರುವಂತಿರಲಿಲ್ಲ. ಎತ್ತರಕ್ಕೆ ಮಾತ್ರ 2 ಮೀಟರ್‌ವರೆಗೆ ಅವಕಾಶವಿತ್ತು. 1993ರಲ್ಲಿ ಬಂದ ಸುಜುಕಿ ವ್ಯಾಗನ್ ಆರ್ ಈ ಅವಕಾಶವನ್ನು ಬಳಸಿಕೊಂಡು 1.6 ಮೀಟರಿಗೂ ಮೇಲೆದ್ದಿತು. ಎಂಜಿನ್ ಮಾತ್ರ ಅದೇ ಕಂಪನಿಯ ಕಿರುಕಾರುಗಳಲ್ಲಿ ಆಗಲೇ ಪಳಗಿದ್ದದ್ದು.

ಇಲ್ಲಿರುವುದು ಸರಳ ಜ್ಯಾಮಿತಿ. ತಗ್ಗಿನ ಸೀಟಿನಲ್ಲಿ ಕಾಲನ್ನು ಮುಂದಕ್ಕೆ ಚಾಚಬೇಕು. ಸೀಟು ಎತ್ತರವಿದ್ದರೆ ಕುರ್ಚಿಯಲ್ಲಿ ಕುಳಿತಂತೆ ಮೊಣಕಾಲು ಮಡಿಯುತ್ತದೆ, ಪಾದ ಕೆಳಗಿಳಿಯುತ್ತದೆ; ಮುಂದೆ ಬೇಕಾಗುವ ಜಾಗ ಕಡಿಮೆಯಾಗುತ್ತದೆ. ಸೀಟಿನೊಡನೆ ತಲೆಯೂ ಮೇಲೇರುವುದರಿಂದ ಚಾವಣಿಯೂ ಏರಲೇಬೇಕು. ಇದು ಪುಕ್ಕಟೆಯಲ್ಲ: ಗುರುತ್ವ ಕೇಂದ್ರ ಮೇಲಾದಷ್ಟೂ ತಿರುವಿನಲ್ಲಿ ಕಾರು ವಾಲುವುದು ಹೆಚ್ಚು.

ಭಾರತದಲ್ಲಿ 1998ರ ಸ್ಯಾಂಟ್ರೊ, 1999ರ ವ್ಯಾಗನ್ ಆರ್ ಈ ಆಕಾರವನ್ನು ಮನೆಮಾತಾಗಿಸಿದವು. ಅದುವರೆಗೆ ಕತ್ತು ಬಗ್ಗಿಸಿ ಕೂರುತ್ತಿದ್ದ ನನ್ನಂಥ ಆರಡಿಯವರು ನೆಟ್ಟಗೆ ಕುಳಿತೆವು!

ನೀವು ಕೊಳ್ಳುವಾಗ ಮೈಲೇಜ್ ಕೇಳುವ ಮೊದಲು ಕುಳಿತು ನೋಡಿ. ಎದೆಗೂ ಸ್ಟಿಯರಿಂಗಿಗೂ 25 ಸೆಂ.ಮೀ. ಅಂತರವಿರಬೇಕು, ಮೊಣಕಾಲು ತಾಗದೆ ಬ್ರೇಕನ್ನು ಪೂರ್ತಿ ಒತ್ತಲು ಬರಬೇಕು.