ಒಳಗಿನ ಸಾಕ್ಷಿ

ಎಳ್ಳಮಾಸಿಯ ದಿನ ಭೂಮಿತಾಯಿಗೆ ಎಡೆಯಾಗಿ ಚರಗ ಚೆಲ್ಲಿದ ಮೇಲೆ ಊಟ ಹೊಲದಲ್ಲೇ. ಸಿಂದಗಿ ಕಡೆಯ ನಮ್ಮ ನೆರೆಮನೆಯವರು ಪ್ರತಿ ವರ್ಷ ಕರೆಯುತ್ತಿದ್ದರು. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಭಜ್ಜಿ, ಪುಂಡಿಪಲ್ಯ, ಶೇಂಗಾ ಹೋಳಿಗೆ. ನಮ್ಮದು ಚರ್ಚಿಗೆ ಹೋಗುವ ಮನೆ. ಆದರೂ ಭೂಮಿ ದೇವರದು, ಬೆಳೆ ದೇವರದು ಎಂದು ಅವ್ವ ನೆಮ್ಮದಿಯಿಂದ ಉಣ್ಣುತ್ತಿದ್ದಳು. ಒಂದು ವರ್ಷ ಮುದ್ದೇಬಿಹಾಳದಿಂದ ಚಿಕ್ಕವ್ವ ಬಂದಿದ್ದಳು. ಹೊಸದಾಗಿ ದೀಕ್ಷಾಸ್ನಾನ ಪಡೆದವಳು. ತವರಿನಲ್ಲಿ ತಾನೇ ಚರಗ ಚೆಲ್ಲಿ ಬೆಳೆದವಳು. ರೊಟ್ಟಿ ಕೈಗೆ ಬಂದಾಗ ಅವಳ ಮುಖ ಬಾಡಿತು. ಅವ್ವ ತನ್ನ ರೊಟ್ಟಿಯನ್ನೂ ಬುಟ್ಟಿಗಿಟ್ಟಳು.

“ಯಾಕ್ರಿ ಅಕ್ಕಾರ, ಉಣ್ಣಂಗಿಲ್ಲೇನ್ರಿ?”

“ಇಕಿ ಮನಸ್ಸು ಒಪ್ಪವಲ್ದು ಯವ್ವಾ. ಇಕೀನ್ನ ಬಿಟ್ಟು ನಾ ಹೆಂಗ ಉಣ್ಣಲಿ?”

ಇದಕ್ಕೆ ನಮ್ಮ ಸತ್ಯವೇದದಲ್ಲಿರುವ ಮಾತು ‘ಮನಸ್ಸಾಕ್ಷಿ’. ಅಲ್ಲಿ ಅಪೊಸ್ತಲ ಪೌಲ ಬಳಸಿದ ಗ್ರೀಕ್ ಪದದಲ್ಲಿರುವುದು ‘ಜೊತೆಗೂಡಿ ಅರಿಯುವುದು’ ಎಂಬ ಅರ್ಥ. ನಮ್ಮ ‘ಸಾಕ್ಷಿ’ಯ ಬೇರಿನಲ್ಲಿ ಅಕ್ಷಿ ಇದೆ, ಕಣ್ಣಿದೆ: ಕಣ್ಣಾರೆ ಕಂಡವನು ಸಾಕ್ಷಿ. ಇಂಡಿ ಊರಿನ ಕೋರ್ಟಿನಲ್ಲಿ ಕಟಕಟೆ ಹತ್ತಿದವನು ಕಂಡಷ್ಟನ್ನೇ ಹೇಳಬೇಕು, ತೀರ್ಪು ಅವನ ಕೈಯಲ್ಲಿಲ್ಲ. ಈ ಪದದ ವಿನಯ ನನಗೆ ಬಹಳ ದೊಡ್ಡದೆನಿಸುತ್ತದೆ. ನನ್ನ ಒಳಗಣ್ಣು ಕಂಡದ್ದು ನನ್ನ ನಡತೆಯನ್ನು ಮಾತ್ರ. ಚಿಕ್ಕವ್ವನ ತಟ್ಟೆಯ ಬಗ್ಗೆ ಅದು ಏನು ಸಾಕ್ಷಿ ನುಡಿದೀತು?

ಕೊರಿಂಥದವರಿಗೆ ಪೌಲ ಬರೆದದ್ದೂ ಇದೇ ಊಟದ ವಿಷಯ. ವಿಗ್ರಹಕ್ಕೆ ಎಡೆ ಮಾಡಿದ್ದನ್ನು ತಿನ್ನಬಹುದೇ ಎಂಬುದು ಅಲ್ಲಿಯವರ ಪ್ರಶ್ನೆ. ವಿಗ್ರಹ ಏನೂ ಅಲ್ಲವೆಂದು ತಿಳಿದವನಿಗೆ ಅಡ್ಡಿಯಿಲ್ಲ ಎಂದ ಪೌಲನೇ, ಆ ಸ್ವಾತಂತ್ರ್ಯ ಇನ್ನೊಬ್ಬನ ಅಳುಕನ್ನು ತುಳಿಯುವುದಾದರೆ ತಾನು ಮಾಂಸವನ್ನೇ ಮುಟ್ಟುವುದಿಲ್ಲ ಎಂದ. ನಮ್ಮ ಸಭೆಗಳಲ್ಲಿ ಮೊದಲ ಭಾಗವನ್ನು ಒತ್ತಿ ಹೇಳುವವರಿದ್ದಾರೆ, ಎರಡನೆಯದನ್ನು ಕಾನೂನು ಮಾಡುವವರಿದ್ದಾರೆ. ಎರಡನ್ನೂ ಒಂದೇ ಎದೆಯಲ್ಲಿ ಇಟ್ಟುಕೊಂಡವರನ್ನು ನಾನು ಕಂಡದ್ದು ಕಡಿಮೆ.

ಪದ ಸವೆದದ್ದೂ ಉಂಟು. 1969ರ ರಾಷ್ಟ್ರಪತಿ ಚುನಾವಣೆಯಲ್ಲಿ ತಮ್ಮದೇ ಪಕ್ಷದ ಅಭ್ಯರ್ಥಿ ಸಂಜೀವ ರೆಡ್ಡಿಯವರಿದ್ದಾಗ ಇಂದಿರಾ ಗಾಂಧಿ ಆತ್ಮಸಾಕ್ಷಿಯ ಮತ ಕೇಳಿದರು, ವಿ.ವಿ. ಗಿರಿ ಗೆದ್ದರು. ಆಮೇಲೆ ಅಡ್ಡ ಮತ ಹಾಕಿದವರೆಲ್ಲ ಆತ್ಮಸಾಕ್ಷಿಯ ಹೆಸರು ಹೇಳತೊಡಗಿದರು. ಸಾಕ್ಷಿ ಹೇಳಿದವನಿಗೆ ಏನಾದರೂ ಕಳೆದುಹೋಗಿದೆಯೇ ಎಂದು ನಾನು ಮೊದಲು ನೋಡುತ್ತೇನೆ. ಬಸವನ ಬಾಗೇವಾಡಿಯ ಹುಡುಗ ಜನಿವಾರ ಬೇಡವೆಂದು ಮನೆ ಬಿಟ್ಟು ಕೂಡಲಸಂಗಮದ ದಾರಿ ಹಿಡಿದ ಕಥೆ ನಮ್ಮ ಭಾಗದಲ್ಲಿ ಎಲ್ಲರ ಬಾಯಲ್ಲಿದೆ. ಆ ಹುಡುಗ ಕಳೆದುಕೊಂಡದ್ದು ತಂದೆತಾಯಿಯ ನೆರಳನ್ನೇ. ಸಂವಿಧಾನದ 25ನೇ ಅನುಚ್ಛೇದ ಇಂಥ ಮನಸ್ಸಿಗೆ ರಕ್ಷಣೆ ಕೊಟ್ಟಿದೆ. ಆದರೆ ಹೊಲದ ಬದುವಿನ ಮೇಲೆ ಅದನ್ನು ಕಾಯಬೇಕಾದವರು ಪಕ್ಕದಲ್ಲಿ ಕೂತವರು.

ಅವ್ವ ‘ಮನಸ್ಸಾಕ್ಷಿ’ ಎಂಬ ಮಾತನ್ನು ಆಡಿದ್ದು ನೆನಪಿಲ್ಲ. “ಒಳಗ ಚುಚ್ಚತೈತಿ” ಎನ್ನುತ್ತಿದ್ದಳು. ಅವತ್ತು ನೆರೆಮನೆಯಾಕೆ ಮರುಮಾತಾಡಲಿಲ್ಲ. ಎದ್ದು ಹೋಗಿ ಒಂದು ಹಿಡಿ ಹಸಿ ಕಡ್ಲಿ ಗಿಡ ಕಿತ್ತು ತಂದು ಇಬ್ಬರ ಮಡಿಲಿಗೂ ಹಾಕಿದಳು. ಹುಳಿಹುಳಿ ಸೊಪ್ಪು, ಬೇರಿನಲ್ಲಿ ಕರಿಮಣ್ಣು. ಮೂವರೂ ಕಾಯಿ ಸುಲಿಯುತ್ತ ಕೂತರು.