ಚಿತ್ರವೂ ಹಸ್ತಾಕ್ಷರವೂ: ಧಾರವಾಡದ ಒಂದು ಹವ್ಯಾಸದ ಕಥೆ

ಭಾಗವತದ ದಶಮಸ್ಕಂಧದಲ್ಲಿ ಬರುವ ಉಷಾ-ಅನಿರುದ್ಧರ ಕಥೆಯನ್ನು ಅರಿಯದ ಕನ್ನಡಿಗರು ವಿರಳ. ಕನಸಿನಲ್ಲಿ ಕಂಡ ಪುರುಷನಾರೆಂದು ತಿಳಿಯದೆ ಬಾಣಾಸುರನ ಮಗಳು ಕೊರಗುತ್ತಿರಲು, ಅವಳ ಸಖಿಯಾದ ಚಿತ್ರಲೇಖೆಯು ದೇವ, ಗಂಧರ್ವ, ಸಿದ್ಧ, ಚಾರಣರಿಂದ ಮೊದಲ್ಗೊಂಡು ಮನುಷ್ಯರವರೆಗೆ ಲೋಕಪ್ರಸಿದ್ಧರಾದವರ ಮುಖಗಳನ್ನು ಒಂದಾದ ಮೇಲೊಂದರಂತೆ ಬರೆದು ತೋರಿಸುವಳು. ಪ್ರದ್ಯುಮ್ನನ ಚಿತ್ರ ಬಂದಾಗ ಉಷೆಯು ನಾಚುವಳು. ಅನಿರುದ್ಧನದು ಬಂದಾಗ ತಲೆ ತಗ್ಗಿಸಿ, ಇವನೇ ಅವನೆನ್ನುವಳು. ವೃತ್ತಿಯಿಂದ ಶಾಲಾಮಾಸ್ತರರಾಗಿದ್ದ ಶಾಂತಕವಿಗಳು, ಅಂದರೆ ಸಕ್ಕರಿ ಬಾಳಾಚಾರ್ಯರು, ೧೮೭೦ರ ದಶಕದಲ್ಲಿ ಮರಾಠಿ ನಾಟಕ ಮಂಡಳಿಗಳ ಅಬ್ಬರವನ್ನು ಕಂಡು, ಕನ್ನಡದಲ್ಲಿಯೂ ನಾಟಕಗಳಾಗಬೇಕೆಂದು ಹಟತೊಟ್ಟು ಲೇಖನಿ ಹಿಡಿದಾಗ ಆರಿಸಿಕೊಂಡದ್ದು ಈ ಉಷಾಹರಣದ ಕಥೆಯನ್ನೇ.

ಚಿತ್ರಲೇಖೆಯ ಈ ಕೆಲಸವನ್ನು ೧೯೫೦ರ ದಶಕದ ಧಾರವಾಡದಲ್ಲಿ ಒಬ್ಬ ಹುಡುಗನು ಕೈಕೊಂಡಿದ್ದನು. ಜಗತ್ಪ್ರಸಿದ್ಧರಾದ ಲೇಖಕರೇ ಮೊದಲಾದವರ ಮುಖಗಳನ್ನು ಬರೆಯುವದು, ಬರೆದ ಚಿತ್ರವನ್ನು ಟಪಾಲಿನಲ್ಲಿ ಅವರಿಗೇ ಕಳಿಸಿ ಹಸ್ತಾಕ್ಷರವನ್ನು ಬೇಡುವದು, ಇದು ಅವನ ಹವ್ಯಾಸ. ಹುಡುಗನ ಹೆಸರು ಗಿರೀಶ ಕಾರ್ನಾಡ.

ಹುಟ್ಟಿದ್ದು ೧೯೩೮ನೆಯ ಇಸವಿಯ ಮೇ ೧೯ರಂದು, ಮಾಥೇರಾನದಲ್ಲಿ. ತಂದೆಯವರು ಸರಕಾರೀ ವೈದ್ಯರು. ಬಾಲ್ಯವು ಶಿರಸಿಯಲ್ಲಿ ಕಳೆಯಿತು. ವಿದ್ಯುದ್ದೀಪವಿಲ್ಲದ ಆ ಊರಿನಲ್ಲಿ ರಾತ್ರಿಯ ಮನರಂಜನೆಯೆಂದರೆ ಕಥೆ ಕೇಳುವದು, ಯಕ್ಷಗಾನ ನೋಡುವದು, ಕಂಪನಿ ನಾಟಕಗಳಿಗೆ ಹೋಗುವದು. ತಂದೆತಾಯಿಗಳಿಬ್ಬರೂ ನಾಟಕಪ್ರಿಯರು. ಹದಿನಾಲ್ಕನೆಯ ವರ್ಷದಲ್ಲಿ ಹುಡುಗನು ಧಾರವಾಡಕ್ಕೆ ಬಂದು ಬಾಸೆಲ್ ಮಿಶನ್ ಹಾಯಸ್ಕೂಲು, ಅನಂತರ ಕರ್ನಾಟಕ ಕಾಲೇಜು ಸೇರಿದನು. ಕಲಿತ ವಿಷಯ ಗಣಿತ ಮತ್ತು ಸಂಖ್ಯಾಶಾಸ್ತ್ರ, ೧೯೫೮ರಲ್ಲಿ ಪದವಿ. ಮನಸ್ಸಿನಲ್ಲಿದ್ದುದು ಮಾತ್ರ ಇಂಗ್ಲಿಷಿನಲ್ಲಿ ಕವಿಯಾಗಿ ಹೆಸರು ಪಡೆಯಬೇಕೆಂಬ ಆಸೆ. ಕೈಯಲ್ಲಿದ್ದುದು ಚಿತ್ರ.

ಇಂಥ ಹುಡುಗರನ್ನು ಕಂಡರೆ ಮನೆಯ ಹಿರಿಯರು ಹುಬ್ಬುಗಂಟಿಕ್ಕುವದು ವಾಡಿಕೆ. ಹವ್ಯಾಸವೆಂಬ ಶಬ್ದಕ್ಕೆ ನೆರೆಯ ಮರಾಠಿಯಲ್ಲಿ ತೀರದ ಆಸೆಯೆಂಬ ಅರ್ಥವಿದೆ. ಎರಡು ಭಾಷೆಗಳ ಗಡಿಯಲ್ಲಿ ಬೆಳೆದ ಧಾರವಾಡದವರ ಬಾಯಲ್ಲಿ ಆ ಅರ್ಥದ ಛಾಯೆಯೂ ಸ್ವಲ್ಪ ಸೇರಿಕೊಂಡಿದ್ದರೆ ಆಶ್ಚರ್ಯವಿಲ್ಲ. ಆದರೆ ನಮ್ಮ ಪ್ರಾಚೀನರು ಈ ವಿಷಯದಲ್ಲಿ ಅಷ್ಟು ಕಠಿಣರಾಗಿರಲಿಲ್ಲ. ವಾತ್ಸ್ಯಾಯನನು ನಾಗರಕನ ಕೋಣೆಯನ್ನು ವರ್ಣಿಸುವಾಗ, ಗೋಡೆಯ ಗೂಟಕ್ಕೆ ತೂಗಹಾಕಿದ ವೀಣೆಯ ಜೊತೆಗೆ ಚಿತ್ರಫಲಕವನ್ನೂ, ಬಣ್ಣದ ಕಡ್ಡಿಗಳ ಪೆಟ್ಟಿಗೆಯನ್ನೂ, ಯಾವುದಾದರೊಂದು ಪುಸ್ತಕವನ್ನೂ ಹೇಳಿರುವನು. ದುಷ್ಯಂತನು ರಾಜ್ಯಭಾರದ ನಡುವೆ ಶಕುಂತಲೆಯ ಚಿತ್ರವನ್ನು ಬರೆದು, ಮಾಲಿನೀ ನದಿಯನ್ನೂ ಮರಳಿನಲ್ಲಿಯ ಹಂಸಗಳನ್ನೂ ಇನ್ನೂ ಬರೆಯಬೇಕಾಗಿದೆಯೆಂದು ತಾನೇ ಕೊರತೆಯೆಣಿಸುವನು. ಹರ್ಷನ ನಾಗಾನಂದದಲ್ಲಿ ಜೀಮೂತವಾಹನನಿಗೆ ಫಲಕವೂ ಇಲ್ಲ. ಮನಃಶಿಲೆಯ ತುಣುಕಿನಿಂದ ಬಂಡೆಯ ಮೇಲೆಯೇ ಬರೆಯುವನು. ಇವರಾರೂ ಚಿತ್ರಕಾರವೃತ್ತಿಯವರಲ್ಲ. ಆದರೆ ಅವರೆಲ್ಲರೂ ತಾವು ಕಂಡವರನ್ನು ಬರೆದರು. ಧಾರವಾಡದ ಹುಡುಗನು ಬರೆದ ಮುಖಗಳು ಅವನು ಕಣ್ಣಾರೆ ಕಂಡವಲ್ಲ. ಕೀರ್ತಿಯೊಂದೇ ಅವರಿಗೂ ಅವನಿಗೂ ಇದ್ದ ಸಂಬಂಧ.

ಊರಿನ ಗಾಳಿಯೂ ಇದಕ್ಕೆ ಅನುಕೂಲವಾಗಿತ್ತು. ಧಾರವಾಡದಲ್ಲಿ ವಕೀಲರು, ಗುಮಾಸ್ತರು, ಮಾಸ್ತರರು ಸಂಜೆಗೆ ಕಲಾವಿದರಾಗುವದು ಹಳೆಯ ರೂಢಿ. ೧೮೯೦ರಲ್ಲಿ ವಿದ್ಯಾವರ್ಧಕ ಸಂಘವು ಹುಟ್ಟಿತು; ೧೯೦೪ರಲ್ಲಿ ಹವ್ಯಾಸಿ ನಟರ ಭಾರತ ಕಲೋತ್ತೇಜಕ ಸಂಘ, ಅದರಲ್ಲಿ ಪತ್ರಕರ್ತರಾದ ಮುದವೀಡು ಕೃಷ್ಣರಾಯರಂಥವರು ಬಣ್ಣ ಹಚ್ಚಿದರು. ಕರ್ನಾಟಕ ಕಾಲೇಜಿನಲ್ಲಿ ಸಂಸ್ಕೃತವನ್ನು ಕಲಿಸುತ್ತಿದ್ದ ಆದ್ಯ ರಂಗಾಚಾರ್ಯರು ಶ್ರೀರಂಗರೆಂಬ ಹೆಸರಿನಿಂದ ನಾಟಕಗಳನ್ನು ಬರೆದು, ಪಂಡಿತರಿಗೂ ಸಂಪ್ರದಾಯಸ್ಥರಿಗೂ ಸಾಕಷ್ಟು ಇರಿಸುಮುರಿಸನ್ನುಂಟುಮಾಡಿದರು. ೧೯೩೩ರಲ್ಲಿ ಜಿ. ಬಿ. ಜೋಶಿಯವರು ಮನೋಹರ ಗ್ರಂಥಮಾಲೆಯನ್ನು ಆರಂಭಿಸಿದರು. ಅದರ ಅಟ್ಟವು ಸಾಹಿತಿಗಳ ಹರಟೆಯ ತಾಣವಾಯಿತು.

ಭಾರತ ಕಲೋತ್ತೇಜಕ ಸಂಘವು ಹುಟ್ಟಿದ ೧೯೦೪ರಲ್ಲಿಯೇ, ಡಿಸೆಂಬರ ತಿಂಗಳಲ್ಲಿ, ಐರ್ಲಂಡಿನ ಡಬ್ಲಿನ್ ಪಟ್ಟಣದಲ್ಲಿ ಅಬ್ಬೆ ಥಿಯೇಟರು ಬಾಗಿಲು ತೆರೆಯಿತು. ಅದೂ ಹವ್ಯಾಸಿ ನಟರ ತಂಡದಿಂದಲೇ ಬೆಳೆದ ರಂಗಮಂದಿರ. ಅದಕ್ಕೆ ೧೯೨೩ರಲ್ಲಿ ಒಬ್ಬ ಹೊಸ ನಾಟಕಕಾರನು ದೊರೆತನು. ಡಬ್ಲಿನ್ನಿನ ಬಡತನದಲ್ಲಿ ಬೆಳೆದು, ಬಾಲ್ಯದಿಂದಲೂ ಕಣ್ಣುಬೇನೆಯಿಂದ ನರಳಿ, ನಾಲ್ವತ್ತು ದಾಟುವವರೆಗೆ ಕೂಲಿಯಿಂದ ಹೊಟ್ಟೆ ಹೊರೆದವನು ಅವನು. ಹೆಸರು ಷಾನ್ ಓಕೇಸಿ. ದುಡಿಮೆ ಮುಗಿದ ಮೇಲೆ ಓದಿ ಬರೆದು ಕೈ ಪಳಗಿಸಿಕೊಂಡವನು.

ಹದಿನೇಳರ ಹುಡುಗನಾದ ಗಿರೀಶನು ಬರೆದು ಕಳಿಸಿದ ಚಿತ್ರಗಳಲ್ಲೊಂದು ಈ ಓಕೇಸಿಯದು. ಆಗ ಮುದುಕನಾಗಿ ಇಂಗ್ಲಂಡಿನಲ್ಲಿ ನೆಲಸಿದ್ದ ಅವನು ಉತ್ತರವನ್ನೇನೋ ಬರೆದನು. ಆದರೆ ಅದರಲ್ಲಿದ್ದುದು ಬುದ್ಧಿವಾದ: ಹೀಗೆ ಹಸ್ತಾಕ್ಷರಗಳನ್ನು ಕೂಡಿಸುತ್ತ ಕಾಲ ಕಳೆಯಬೇಡ, ಮುಂದೊಂದು ದಿನ ಜನರು ನಿನ್ನ ಹಸ್ತಾಕ್ಷರವನ್ನು ಕೇಳುವಂಥ ಏನನ್ನಾದರೂ ಮಾಡು ಎಂಬುದು ಅದರ ತಾತ್ಪರ್ಯ. ಹುಡುಗನು ಆ ಹವ್ಯಾಸವನ್ನು ಅಲ್ಲಿಗೇ ಬಿಟ್ಟನು.

ಈ ಪ್ರಸಂಗವನ್ನು ಹೇಳುವವರು ಸಾಮಾನ್ಯವಾಗಿ ಓಕೇಸಿಯ ಮಾತನ್ನೇ ಹೊಗಳಿ ಮುಗಿಸುವರು. ಆದರೆ ಆ ಪತ್ರದ ಏಟು ಬೇಡುವ ಕೈಗೆ ಬಿದ್ದುದೋ, ಬರೆಯುವ ಕೈಗೆ ಬಿದ್ದುದೋ? ಹಸ್ತಾಕ್ಷರವನ್ನು ಯಾಚಿಸುವದು ಒಂದು, ಮುಖವೊಂದರ ರೇಖೆಗಳನ್ನು ಹಿಡಿಯುವದು ಇನ್ನೊಂದು. ಮೊದಲನೆಯದು ಹೋದರೆ ನಷ್ಟವಿಲ್ಲ. ಹುಡುಗನು ಎರಡನ್ನೂ ಒಟ್ಟಿಗೆ ಬಿಟ್ಟನು. ಡಿ. ವಿ. ಹಾಲಭಾವಿಯವರ ಚಿತ್ರಕಲಾಶಾಲೆಯಿದ್ದ ಊರಿನಲ್ಲಿ ಒಬ್ಬ ಚಿತ್ರಕಾರನು ಮೊಳಕೆಯಲ್ಲಿಯೇ ಕಮರಿದನೆಂದು ಯಾರಾದರೂ ಹಳಹಳಿಸಿದರೆ ಅದು ಪೂರ್ತಿ ತಪ್ಪಾಗಲಾರದು.

ಮುಂದಿನದು ವಾಚಕರಿಗೆ ಗೊತ್ತಿರುವದೇ. ಮುಂಬಯಿಯಲ್ಲಿ ಅಲ್ಕಾಜಿಯವರು ಆಡಿಸಿದ ಸ್ಟ್ರಿಂಡ್‌ಬರ್ಗನ ನಾಟಕ, ಅಲ್ಲಿ ದೀಪಗಳು ಮೆಲ್ಲಮೆಲ್ಲನೆ ಮಂದವಾಗುವದನ್ನು ಕಂಡು ಬೆರಗು. ರಾಜಗೋಪಾಲಾಚಾರ್ಯರ ಮಹಾಭಾರತದ ಓದು. ಆಕ್ಸಫರ್ಡಿಗೆ ಹೊರಡುವ ಗಡಿಬಿಡಿಯಲ್ಲಿ, ತನಗೇ ಅಚ್ಚರಿಯಾಗುವಂತೆ, ಕನ್ನಡದಲ್ಲಿ ಮೂಡಿದ ‘ಯಯಾತಿ’. ಅದನ್ನು ೧೯೬೧ರಲ್ಲಿ ಪ್ರಕಟಿಸಿದುದು ಮನೋಹರ ಗ್ರಂಥಮಾಲೆ. ಮೂರು ವರ್ಷಗಳ ತರುವಾಯ ‘ತುಘಲಕ್’ ಬಂದಿತು. ಯಯಾತಿಯನ್ನಾಗಲಿ, ದಿಲ್ಲಿಯ ಸುಲ್ತಾನನನ್ನಾಗಲಿ ಕಾರ್ನಾಡರು ಕಂಡವರಲ್ಲ; ದೂರದ ಪ್ರಸಿದ್ಧನೊಬ್ಬನ ಮುಖವನ್ನು ತಮ್ಮೆದುರಿಗೆ ತಂದುಕೊಳ್ಳುವ ಹಳೆಯ ಚಟವು ಕಾಗದದ ಮೇಲೆ ಬೇರೆ ದಾರಿಯಿಂದ ಮುಂದುವರಿಯಿತೆಂದೇ ತೋರುವದು.

೧೯೭೨ರಲ್ಲಿ ಅವರು ಧಾರವಾಡದ ಬೇಂದ್ರೆಯವರನ್ನು ಕುರಿತು ಒಂದು ಸಾಕ್ಷ್ಯಚಿತ್ರವನ್ನು ತೆಗೆದರು. ಅದೇ ಊರಿನ ಪ್ರಸಿದ್ಧರು ಅವರು. ಕಾರ್ನಾಡರ ಆತ್ಮಕಥೆಯು ೨೦೧೧ರಲ್ಲಿ ಅದೇ ಅಟ್ಟದ ಗ್ರಂಥಮಾಲೆಯಿಂದ ‘ಆಡಾಡತಾ ಆಯುಷ್ಯ’ವೆಂಬ ಹೆಸರಿನಲ್ಲಿ ಹೊರಬಿದ್ದಿತು. ಆ ಹೆಸರನ್ನೂ ಅವರು ಬೇಂದ್ರೆಯವರ ಕವನದಿಂದಲೇ ತೆಗೆದುಕೊಂಡಿದ್ದರು.