ಕೇಬಲ್ ಬಿಟ್ಟು ಹೋಗುವುದೆಲ್ಲಿಗೆ?

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ನಾಲ್ಕು ಊರುಗಳ ಯಾವುದೇ ಹಳೆಯ ಬೀದಿಯಲ್ಲಿ ನಿಂತು ಒಮ್ಮೆ ತಲೆಯೆತ್ತಿ ನೋಡಿ. ಟಿ.ವಿ.ಯ ನಾಲ್ಕು ದಶಕಗಳ ಚರಿತ್ರೆ ಅಲ್ಲೇ ಕಾಣುತ್ತದೆ. ಹೆಂಚಿನ ಮನೆಯ ಮೇಲೆ ತುಕ್ಕು ಹಿಡಿದ ಆಂಟೆನಾ, ಕಂಬದಿಂದ ಕಂಬಕ್ಕೆ ಜೋತುಬಿದ್ದ ಕಪ್ಪು ಕೇಬಲ್, ತಾರಸಿಯ ಅಂಚಿನಲ್ಲಿ ಆಗ್ನೇಯದ ಆಕಾಶಕ್ಕೆ ಮುಖ ಮಾಡಿದ ಪುಟ್ಟ ಡಿಶ್, ಈಚೆಗೆ ಅದೇ ಕಂಬಗಳ ಮೇಲೆ ಹಾದುಹೋದ ತೆಳ್ಳನೆಯ ಫೈಬರ್ ತಂತಿ. ಐದನೆಯ ವಸ್ತು ಬೀದಿಗೆ ಕಾಣದು. ಅದು ಟಿ.ವಿ.ಯ ಬೆನ್ನಿಗೆ ಸಿಕ್ಕಿಸಿದ, ಹೆಬ್ಬೆರಳಿಗಿಂತ ತುಸು ಉದ್ದದ ಒಂದು ಕಡ್ಡಿ. ಜನರ ಬಾಯಲ್ಲಿ ಅದು ‘ಸ್ಟಿಕ್’. ಮನೆಯ ವೈ-ಫೈ ಹಿಡಿದು ಧಾರಾವಾಹಿ, ಸಿನಿಮಾ, ಕ್ರಿಕೆಟ್ ಎಲ್ಲವನ್ನೂ ಪರದೆಗೆ ತರುವ ಈ ಕಡ್ಡಿ ಬಂದ ಮೇಲೆ ಅನೇಕ ಮನೆಗಳಲ್ಲಿ ಒಂದೇ ಪ್ರಶ್ನೆ: ತಿಂಗಳು ತಿಂಗಳು ಕೇಬಲ್‌ಗೆ ದುಡ್ಡು ಕೊಡುವುದೇಕೆ?

ಪ್ರಶ್ನೆ ನ್ಯಾಯವಾದದ್ದೇ. ಆದರೆ ಇದು ಹೊಸದಲ್ಲ. ಪ್ರತಿ ಹತ್ತು-ಹನ್ನೆರಡು ವರ್ಷಕ್ಕೊಮ್ಮೆ ಹೊಸದೊಂದು ದಾರಿ ಅಗ್ಗವಾಗಿಯೋ ಪುಕ್ಕಟೆಯಾಗಿಯೋ ಬಂದು, ರೂಢಿಯಾದ ಮೇಲೆ ಬೆಲೆ ಕೇಳಿದೆ. ಆ ಕಥೆ ತಿಳಿದರೆ ಕಡ್ಡಿಯ ಲೆಕ್ಕವೂ ಸುಲಭವಾಗಿ ತಿಳಿಯುತ್ತದೆ.

ಕಾಲವನ್ನು ಅಳೆಯಲು ಈ ಜಿಲ್ಲೆಗೆ ತನ್ನದೇ ಒಂದು ಅಳತೆಗೋಲಿದೆ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕ 1981, 1993, 2006 ಮತ್ತು 2018ರಲ್ಲಿ ನಡೆಯಿತು. ಪ್ರತಿ ಅಭಿಷೇಕದ ಹೊತ್ತಿಗೂ ನಮ್ಮ ಮನೆಗಳಲ್ಲಿ ಟಿ.ವಿ. ಬರುವ ದಾರಿ ಬದಲಾಗಿತ್ತು.

ಗಾಳಿಯಲ್ಲಿ ಬಂದ ಟಿ.ವಿ.

1981ರ ಫೆಬ್ರುವರಿಯಲ್ಲಿ ಅಭಿಷೇಕ ನಡೆದಾಗ ಬೆಂಗಳೂರು ದೂರದರ್ಶನ ಇನ್ನೂ ಹುಟ್ಟಿರಲಿಲ್ಲ. ಅದು ಆರಂಭವಾದದ್ದು ಅದೇ ವರ್ಷದ ನವೆಂಬರ್ 1ರಂದು. ಕನ್ನಡ ನಾಡಿಗೆ ಟಿ.ವಿ. ಅದಕ್ಕೂ ಮುಂಚೆ ಒಮ್ಮೆ ಬಂದಿತ್ತು. 1975ರ ಆಗಸ್ಟ್‌ನಿಂದ ಒಂದು ವರ್ಷ ಕಾಲ ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಎರವಲು ಪಡೆದು ದೇಶದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ‘ಸೈಟ್’ ಎಂಬ ಪ್ರಯೋಗ ನಡೆಯಿತು. ಕರ್ನಾಟಕದಲ್ಲಿ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದವು. ಊರಿಗೊಂದು ಟಿ.ವಿ., ಬೇಸಾಯ ಮತ್ತು ಆರೋಗ್ಯದ ಕಾರ್ಯಕ್ರಮಗಳು, ಖರ್ಚು ಸರ್ಕಾರದ್ದು. ನೋಡುವವರು ಕಾಸು ಕೊಡಬೇಕಾಗಿರಲಿಲ್ಲ.

ಎಂಬತ್ತರ ದಶಕದಲ್ಲಿ ಟಿ.ವಿ. ಮನೆಯೊಳಗೆ ಬಂತು. ಬಿದಿರ ಗಳುವಿನ ತುದಿಗೆ ಆಂಟೆನಾ ಕಟ್ಟಿ, ಒಬ್ಬರು ಮಾಡಿನ ಮೇಲೆ ನಿಂತು ತಿರುಗಿಸುವುದು, ಇನ್ನೊಬ್ಬರು ಒಳಗಿನಿಂದ ‘ಬಂತು, ಬಂತು, ಹೋಯ್ತು’ ಎಂದು ಕೂಗುವುದು ಅಂದಿನವರಿಗೆಲ್ಲ ನೆನಪಿರುವ ದೃಶ್ಯ. ಟಿ.ವಿ. ಇಟ್ಟುಕೊಂಡವರು ಲೈಸೆನ್ಸ್ ಶುಲ್ಕ ಕಟ್ಟಬೇಕಿತ್ತು. ಅದು ಆ ದಶಕದ ನಡುವೆ ರದ್ದಾಯಿತು. 1976ರ ಜನವರಿಯಲ್ಲೇ ದೂರದರ್ಶನ ಜಾಹೀರಾತಿಗೆ ತೆರೆದುಕೊಂಡಿತ್ತು. ಹಾಗಾಗಿ ‘ಮಾಲ್ಗುಡಿ ಡೇಸ್’, 1987ರ ಜನವರಿಯಲ್ಲಿ ಆರಂಭವಾದ ‘ರಾಮಾಯಣ’ ಎಲ್ಲವನ್ನೂ ಜನ ತಿಂಗಳ ಬಿಲ್ ಇಲ್ಲದೆ ನೋಡಿದರು. ಟಿ.ವಿ. ಇದ್ದ ಮನೆಯವರು ಬಾಗಿಲು ತೆರೆದಿಟ್ಟರೆ ಟಿ.ವಿ. ಇಲ್ಲದವರೂ ನೋಡಿದರು.

ಸಾಲಗಾಮೆ ರಸ್ತೆಯ ಕೆಲಸ

ಈ ಕಥೆಯಲ್ಲಿ ಹಾಸನಕ್ಕೆ ಇರುವ ಪಾತ್ರ ಬೇರಾವ ಜಿಲ್ಲಾ ಕೇಂದ್ರಕ್ಕೂ ಇಲ್ಲ ಎನ್ನಲಡ್ಡಿಯಿಲ್ಲ. ಇಸ್ರೊ 1982ರಲ್ಲಿ ಸಾಲಗಾಮೆ ರಸ್ತೆಯಲ್ಲಿ ಉಪಗ್ರಹ ನಿಯಂತ್ರಣ ಕೇಂದ್ರವನ್ನು ಸ್ಥಾಪಿಸಿತು. ಊರಿನವರಿಗೆ ಅದು ‘ಎಂಸಿಎಫ್’. ಮೊದಲ ಉಪಗ್ರಹ ಇನ್ಸಾಟ್-1ಎ 1982ರ ಏಪ್ರಿಲ್‌ನಲ್ಲಿ ಹಾರಿ ಸೆಪ್ಟೆಂಬರ್‌ನಲ್ಲೇ ಕೈಕೊಟ್ಟಿತು. 1983ರ ಆಗಸ್ಟ್ 30ರಂದು ‘ಚಾಲೆಂಜರ್’ ನೌಕೆಯಲ್ಲಿ ಹೋದ ಇನ್ಸಾಟ್-1ಬಿಯ ಸೌರಫಲಕವೂ ಮೊದಲು ತೆರೆದುಕೊಳ್ಳದೆ ಹಟ ಮಾಡಿತು. ಸೆಪ್ಟೆಂಬರ್‌ನಲ್ಲಿ ಅದು ತೆರೆದುಕೊಂಡ ಮೇಲೆ ದೇಶದ ಟಿ.ವಿ. ಜಾಲ ಬೆಳೆದ ವೇಗ ಅಸಾಧಾರಣ. 1984ರಲ್ಲಿ ಕೆಲವು ತಿಂಗಳು ದಿನಕ್ಕೊಂದರಂತೆ ಟ್ರಾನ್ಸ್‌ಮಿಟರ್‌ಗಳು ಆರಂಭವಾದವು.

ಇಲ್ಲಿ ನಡೆಯುವ ಕೆಲಸವೇನು? ಭೂಸ್ಥಿರ ಉಪಗ್ರಹ ಸಮಭಾಜಕ ವೃತ್ತದ ಮೇಲೆ ಸುಮಾರು 36,000 ಕಿ.ಮೀ. ಎತ್ತರದಲ್ಲಿ, ಭೂಮಿ ತಿರುಗುವ ವೇಗದಲ್ಲೇ ಸುತ್ತುತ್ತದೆ. ಆದ್ದರಿಂದ ನಮಗೆ ಅದು ಆಕಾಶದಲ್ಲಿ ಒಂದೇ ಕಡೆ ನಿಂತಂತೆ. ಆದರೆ ಸೂರ್ಯ-ಚಂದ್ರರ ಸೆಳೆತ ಅದನ್ನು ಸದಾ ಅತ್ತಿತ್ತ ಎಳೆಯುತ್ತಿರುತ್ತದೆ. ಆಗಾಗ ಆದೇಶ ಕಳಿಸಿ, ಉಪಗ್ರಹದ ಪುಟ್ಟ ಎಂಜಿನ್‌ಗಳನ್ನು ಉರಿಸಿ, ಅದನ್ನು ಸ್ವಸ್ಥಾನಕ್ಕೆ ತರುವುದು ಎಂಸಿಎಫ್‌ನ ನಿತ್ಯದ ಕಾಯಕ. ಈ ಕೆಲಸ ನಿಂತರೆ ಅರಕಲಗೂಡಿನ ಮನೆಯ ಮೇಲೆ ಮೊಳೆ ಹೊಡೆದು ಕೂರಿಸಿದ ಡಿಶ್ ಕೆಲವೇ ಕಾಲದಲ್ಲಿ ಬರಿಯ ಆಕಾಶ ನೋಡುತ್ತಿರುತ್ತದೆ. 2005ರಲ್ಲಿ ಭೋಪಾಲದಲ್ಲಿ ಎರಡನೆಯ ಕೇಂದ್ರ ಬರುವವರೆಗೆ ಈ ಹೊಣೆ ಹಾಸನದ್ದೊಂದೇ ಆಗಿತ್ತು.

ಕೇಬಲ್ ಹುಡುಗನ ಕಾಲ

1991ರಲ್ಲಿ ಹಾಂಗ್‌ಕಾಂಗ್‌ನಿಂದ ಸ್ಟಾರ್ ಟಿ.ವಿ., 1992ರ ಅಕ್ಟೋಬರ್ 2ರಂದು ಝೀ, 1994ರ ಜೂನ್ 1ರಂದು ಕನ್ನಡದ ಮೊದಲ ಖಾಸಗಿ ಉಪಗ್ರಹ ವಾಹಿನಿ ಉದಯ ಬಂದವು. ಈ ಸಂಕೇತಗಳು ಸಿ-ಬ್ಯಾಂಡ್‌ನಲ್ಲಿ ಬರುತ್ತಿದ್ದುದರಿಂದ ಹಿಡಿಯಲು ಹಲವು ಅಡಿ ಅಗಲದ ದೊಡ್ಡ ಡಿಶ್ ಬೇಕಿತ್ತು. ಒಂದು ಮನೆಗೆ ಅದು ದುಬಾರಿ, ಒಂದು ಬೀದಿಗೆ ಅಲ್ಲ. ಡಿಶ್ ಹಾಕಿ, ತಂತಿ ಎಳೆದು, ಮನೆಮನೆಗೆ ಹಂಚಿ ತಿಂಗಳಿಗೊಮ್ಮೆ ವಸೂಲಿಗೆ ಬರುವ ಕೇಬಲ್ ಆಪರೇಟರ್ ಹುಟ್ಟಿದ್ದು ಹೀಗೆ. 1993ರ ಡಿಸೆಂಬರ್‌ನ ಅಭಿಷೇಕದ ಹೊತ್ತಿಗೆ ನಮ್ಮ ಪಟ್ಟಣಗಳು ಈ ಹೊಸ ಯುಗದ ಹೊಸ್ತಿಲಲ್ಲಿದ್ದವು.

ಆಗ ವಾಹಿನಿಗಳಲ್ಲಿ ಬಹುತೇಕ ಉಚಿತ. ಹೆಚ್ಚು ಮನೆಗೆ ತಲುಪಿದಷ್ಟೂ ಜಾಹೀರಾತು ಹೆಚ್ಚು ಎಂಬ ಲೆಕ್ಕ ಅವುಗಳದ್ದು. ಮನೆಯವರು ಕೊಟ್ಟದ್ದು ತಂತಿಯ ಬಾಡಿಗೆ ಮಾತ್ರ. ಜನಕ್ಕೆ ರೂಢಿಯಾದ ಮೇಲೆ ಒಂದೊಂದೇ ವಾಹಿನಿ ತನ್ನ ಸಂಕೇತಕ್ಕೆ ಬೀಗ ಹಾಕಿ ಚಂದಾ ಕೇಳತೊಡಗಿತು, ಜಾಹೀರಾತೂ ಉಳಿಯಿತು.

1995ರಲ್ಲಿ ಕೇಬಲ್ ಟೆಲಿವಿಷನ್ ಜಾಲಗಳ ನಿಯಂತ್ರಣ ಕಾಯ್ದೆ ಬಂತು. ಆಪರೇಟರ್‌ಗಳು ಪ್ರಧಾನ ಅಂಚೆ ಕಚೇರಿಯಲ್ಲಿ ನೋಂದಣಿ ಮಾಡಿಸಿಕೊಳ್ಳಬೇಕಾಯಿತು. ಅಷ್ಟೇ ಮುಖ್ಯವಾದ ಇನ್ನೊಂದು ಷರತ್ತೂ ಇತ್ತು. ದೂರದರ್ಶನದ ವಾಹಿನಿಗಳನ್ನು, ರಾಜ್ಯದ ಭಾಷೆಯ ದೂರದರ್ಶನ ವಾಹಿನಿಯನ್ನೂ ಸೇರಿಸಿ, ಪ್ರತಿಯೊಬ್ಬ ಆಪರೇಟರೂ ಕಡ್ಡಾಯವಾಗಿ ಕೊಡಬೇಕು. ಚಂದನ ವಾಹಿನಿ ಕೇಬಲ್ ಇರುವ ಕನ್ನಡದ ಮನೆಗಳಲ್ಲಿ ತಪ್ಪದೆ ಸಿಕ್ಕಿದ್ದರ ಹಿಂದೆ ಈ ಕಾನೂನಿನ ಬಲವೂ ಇದೆ. ಅದೇ ವರ್ಷದ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್, ಬಂಗಾಳದ ಕ್ರಿಕೆಟ್ ಸಂಸ್ಥೆಯ ಪ್ರಕರಣದಲ್ಲಿ, ಆಕಾಶದ ತರಂಗಗಳು ಸಾರ್ವಜನಿಕರ ಸ್ವತ್ತು ಎಂದು ತೀರ್ಪು ನೀಡಿತು.

ಮುಂದೆ ದೇಶದ ಕೇಬಲ್ ಜಾಲವನ್ನು ಡಿಜಿಟಲ್ ಮಾಡುವ ಕೆಲಸ 2012ರಲ್ಲಿ ಮಹಾನಗರಗಳಿಂದ ಆರಂಭವಾಯಿತು. ಮೂರನೆಯ ಹಂತದಲ್ಲಿ ಸಣ್ಣ ಪಟ್ಟಣಗಳಿಗೂ ಕೊನೆಯ ಹಂತದಲ್ಲಿ ಹಳ್ಳಿಗಳಿಗೂ ಸೆಟ್‌ಟಾಪ್ ಬಾಕ್ಸ್ ಬಂತು. 2019ರ ಫೆಬ್ರುವರಿಯಿಂದ ‘ನೋಡುವ ವಾಹಿನಿಗಷ್ಟೇ ಹಣ’ ಎಂಬ ಟ್ರಾಯ್ ನಿಯಮ ಜಾರಿಗೆ ಬಂತು. ಮೊದಲ 100 ವಾಹಿನಿಗಳ ಸಂಪರ್ಕಕ್ಕೆ ಗರಿಷ್ಠ 130 ರೂ., ಶೇ 18 ತೆರಿಗೆ ಸೇರಿ 153 ರೂ. ದಾಟಿತು. ಬೇಕಾದ ಚಂದಾ ವಾಹಿನಿಗಳ ಬೆಲೆ ಬೇರೆ. 2024ರ ಜುಲೈನಲ್ಲಿ ಆ 130 ರೂ. ಮಿತಿಯನ್ನೂ ತೆಗೆಯಲಾಯಿತು.

ಉಚಿತ ಡಿಶ್, ಆದರೆ ಭಾಷೆ?

ಕೇಬಲ್ ಬಿಡುವ ಮೊದಲ ದಾರಿ ಕಡ್ಡಿಯಲ್ಲ, ಡಿಶ್. ಕೆಯು-ಬ್ಯಾಂಡ್ ಎಂಬ ಬೇರೆ ತರಂಗಾಂತರ ಬಳಸಿದರೆ ಎರಡಡಿಯ ಡಿಶ್ ಸಾಕು. ಮನೆಮನೆಗೆ ನೇರ ಪ್ರಸಾರದ ಈ ಸೇವೆಯನ್ನು 1997ರಲ್ಲಿ ತಡೆಹಿಡಿದಿದ್ದ ಸರ್ಕಾರ 2000ದ ನವೆಂಬರ್‌ನಲ್ಲಿ ಅನುಮತಿ ಕೊಟ್ಟಿತು. 2003ರಲ್ಲಿ ಡಿಶ್ ಟಿವಿ, 2006ರಲ್ಲಿ ಟಾಟಾ ಸ್ಕೈ ಬಂದವು. ಇವೆರಡರ ನಡುವೆ, 2004ರ ಡಿಸೆಂಬರ್‌ನಲ್ಲಿ, ದೂರದರ್ಶನವೇ ತಿಂಗಳ ಶುಲ್ಕವಿಲ್ಲದ ಸೇವೆಯೊಂದನ್ನು 33 ವಾಹಿನಿಗಳೊಂದಿಗೆ ಆರಂಭಿಸಿತು. ಅಂದಿನ ಹೆಸರು ಡಿಡಿ ಡೈರೆಕ್ಟ್ ಪ್ಲಸ್, ಇಂದಿನ ಹೆಸರು ಡಿಡಿ ಫ್ರೀ ಡಿಶ್. 2006ರ ಅಭಿಷೇಕದ ಕಾಲಕ್ಕೆ ಇದಕ್ಕೆ ಒಂದು ವರ್ಷ ತುಂಬಿತ್ತು.

ಡಿಶ್ ಮತ್ತು ಬಾಕ್ಸ್‌ಗೆ ಒಮ್ಮೆ ಖರ್ಚು ಮಾಡಿದರೆ ಮುಗಿಯಿತು. ಮಳೆ ಜೋರಾದಾಗ ಚಿತ್ರ ಕೆಲಹೊತ್ತು ಕೈಕೊಡುವುದುಂಟು. ಆ ತರಂಗಾಂತರದ ಗುಣವೇ ಅದು. ದೇಶದಲ್ಲಿ 4 ಕೋಟಿಗೂ ಹೆಚ್ಚು ಮನೆಗಳು ಇದನ್ನು ಬಳಸುತ್ತವೆ ಎಂಬ ಅಂದಾಜಿದೆ. 2015ರ ನವೆಂಬರ್‌ನಲ್ಲಿ ಹಾರಿದ ಜಿಸ್ಯಾಟ್-15 ಉಪಗ್ರಹ ಈ ಸೇವೆಯನ್ನು ಹೊತ್ತಿದೆ.

ಹಾಗಾದರೆ ನಮ್ಮ ಜಿಲ್ಲೆಯ ಜನ ಇದಕ್ಕೆ ಏಕೆ ಮುಗಿಬೀಳಲಿಲ್ಲ? ಕಾರಣ ಭಾಷೆ. ಫ್ರೀ ಡಿಶ್‌ನಲ್ಲಿ ಖಾಸಗಿ ವಾಹಿನಿಗಳಿಗೆ ಜಾಗ ಹರಾಜಿನಲ್ಲಿ ಸಿಗುತ್ತದೆ. ಕೋಟಿಗಟ್ಟಲೆ ಕೊಟ್ಟು ಕೊಂಡವರು ಅದನ್ನು ಜಾಹೀರಾತಿನಿಂದ ಹುಟ್ಟಿಸಿಕೊಳ್ಳಬೇಕು. ಆ ಲೆಕ್ಕ ಹಿಂದಿ ವಾಹಿನಿಗಳಿಗೆ ಹೊಂದಿದಂತೆ ಕನ್ನಡಕ್ಕೆ ಹೊಂದಲಿಲ್ಲ. ಚಂದನ ಅಲ್ಲಿದೆ. ಆದರೆ ಸಂಜೆಯ ಧಾರಾವಾಹಿಗಳಿಗಾಗಿ ನಮ್ಮ ಮನೆಗಳು ಕಾಯುವ ಪ್ರಮುಖ ಕನ್ನಡ ಮನರಂಜನಾ ವಾಹಿನಿಗಳು ಅಲ್ಲಿಲ್ಲ. ದೇಶದ ಉಪಗ್ರಹಗಳಿಗೆ ದಾರಿ ತೋರಿಸುವ ಊರಿನಲ್ಲೇ, ಆ ಉಪಗ್ರಹದಿಂದ ಪುಕ್ಕಟೆ ಬರುವ ಟಿ.ವಿ.ಯಲ್ಲಿ ಕನ್ನಡ ಅಪರೂಪ!

ಇತ್ತ ಹಳೆಯ ಆಂಟೆನಾದ ದಾರಿಯೂ ಮುಚ್ಚಿತು. ದೂರದರ್ಶನದ ಅನಲಾಗ್ ಭೂಪ್ರಸಾರ ಕೇಂದ್ರಗಳನ್ನು ಹಂತಹಂತವಾಗಿ ನಿಲ್ಲಿಸಿ, 2022ರ ಹೊತ್ತಿಗೆ ಆಯಕಟ್ಟಿನ ಕೆಲವನ್ನು ಮಾತ್ರ ಉಳಿಸಿಕೊಳ್ಳಲಾಯಿತು.

ಕಡ್ಡಿಯ ಲೆಕ್ಕ

2018ರ ಫೆಬ್ರುವರಿಯ ಅಭಿಷೇಕದ ಹೊತ್ತಿಗೆ ಜನರ ಕೈಯಲ್ಲಿ ಮೊಬೈಲ್ ಇತ್ತು. 2016ರ ಸೆಪ್ಟೆಂಬರ್‌ನಲ್ಲಿ ಬಂದ ಜಿಯೋ, ಡೇಟಾ ಬೆಲೆಯನ್ನು ನೆಲಕ್ಕಿಳಿಸಿತ್ತು. ಹಾಟ್‌ಸ್ಟಾರ್ 2015ರಲ್ಲಿ, ನೆಟ್‌ಫ್ಲಿಕ್ಸ್ 2016ರ ಜನವರಿಯಲ್ಲಿ, ಪ್ರೈಮ್ ವಿಡಿಯೊ ಅದೇ ವರ್ಷದ ಡಿಸೆಂಬರ್‌ನಲ್ಲಿ ಭಾರತಕ್ಕೆ ಬಂದವು. ಅಮೆಜಾನ್‌ನ ಫೈರ್ ಟಿವಿ ಸ್ಟಿಕ್ 2017ರ ಏಪ್ರಿಲ್‌ನಲ್ಲಿ 3,999 ರೂ.ಗೆ ಮಾರಾಟಕ್ಕೆ ಬಂತು. ಹಳೆಯ ಟಿ.ವಿ.ಗೂ ಎಚ್‌ಡಿಎಂಐ ಕಿಂಡಿ ಇದ್ದರೆ ಸಾಕು, ಅದು ‘ಸ್ಮಾರ್ಟ್’ ಆಯಿತು.

ಇಲ್ಲಿ ಒಂದು ಮೂಲಭೂತ ವ್ಯತ್ಯಾಸವನ್ನು ಗಮನಿಸಬೇಕು. ಉಪಗ್ರಹದ ಸಂಕೇತವನ್ನು ಒಂದು ಮನೆ ಹಿಡಿದರೂ ಒಂದು ಕೋಟಿ ಮನೆ ಹಿಡಿದರೂ ಕಳಿಸುವವನಿಗೆ ಖರ್ಚು ಒಂದೇ. ಸ್ಟ್ರೀಮಿಂಗ್ ಹಾಗಲ್ಲ. ಕೇಳಿದ ಪ್ರತಿ ಮನೆಗೂ ಪ್ರತ್ಯೇಕವಾಗಿ ಕಳಿಸಬೇಕು. ಎಚ್‌ಡಿ ಗುಣಮಟ್ಟದಲ್ಲಿ ಒಂದು ಗಂಟೆ ನೋಡಿದರೆ ಎರಡು-ಮೂರು ಜಿಬಿ ಡೇಟಾ ಹೋಗುತ್ತದೆ. ದಿನಕ್ಕೆ ಒಂದೂವರೆ ಜಿಬಿಯ ಮೊಬೈಲ್ ಪ್ಯಾಕ್ ಒಂದು ಸಂಜೆಗೂ ಸಾಲದು. ಆದ್ದರಿಂದ ಬ್ರಾಡ್‌ಬ್ಯಾಂಡ್ ಬೇಕು. 400 ರೂ.ಗಳ ಸಂಪರ್ಕವೆಂದರೆ ತೆರಿಗೆ ಸೇರಿ 472. ಕೇಬಲ್ ಬಿಟ್ಟೆವೆಂದರೂ ಮನೆಗೆ ತಂತಿ ಬಂದೇ ಬರುತ್ತದೆ. ಎಷ್ಟೋ ಕಡೆ ಆ ಫೈಬರ್ ಎಳೆಯುವವರು ಹಳೆಯ ಕೇಬಲ್ ಆಪರೇಟರೇ!

ಇದರ ಮೇಲೆ ಆ್ಯಪ್‌ಗಳ ಚಂದಾ. ಕೇಬಲ್ ಕಾಲದ ಪಾಠ ಇಲ್ಲಿ ಮತ್ತೆ ಕಾಣುತ್ತದೆ. 2023ರ ಐಪಿಎಲ್ ಕ್ರಿಕೆಟ್ ಜಿಯೋಸಿನಿಮಾದಲ್ಲಿ ಪುಕ್ಕಟೆ. 2025ರ ಫೆಬ್ರುವರಿಯಲ್ಲಿ ಅದು ಹಾಟ್‌ಸ್ಟಾರ್ ಜತೆ ಸೇರಿ ಜಿಯೋಹಾಟ್‌ಸ್ಟಾರ್ ಆದ ಮೇಲೆ ಇಡೀ ಪಂದ್ಯ ನೋಡಲು ಚಂದಾ ಬೇಕಾಯಿತು. ಪ್ರೈಮ್‌ನ ವಾರ್ಷಿಕ ಚಂದಾ 2021ರ ಡಿಸೆಂಬರ್‌ನಲ್ಲಿ 999ರಿಂದ 1,499 ರೂ.ಗೆ ಏರಿತು. 2025ರ ಜೂನ್‌ನಿಂದ ಚಂದಾದಾರರಿಗೂ ಜಾಹೀರಾತು ಶುರುವಾಯಿತು; ಬೇಡವೆಂದರೆ ಹೆಚ್ಚುವರಿ ಹಣ. ನೆಟ್‌ಫ್ಲಿಕ್ಸ್ ಮಾತ್ರ 2021ರ ಆ ತಿಂಗಳಲ್ಲೇ ಬೆಲೆ ಇಳಿಸಿತು ಎಂಬುದನ್ನೂ ಹೇಳಬೇಕು.

ಹಾಗೆಂದು ಕಡ್ಡಿ ನಷ್ಟದ ಬಾಬತ್ತೆಂದೇನಲ್ಲ. ಮಕ್ಕಳ ಓದಿಗೋ ಮನೆಯ ಕೆಲಸಕ್ಕೋ ಹೇಗೂ ಬ್ರಾಡ್‌ಬ್ಯಾಂಡ್ ಹಾಕಿಸಿಕೊಂಡಿರುವ ಮನೆಗೆ, ಒಂದೆರಡು ಆ್ಯಪ್‌ಗಳಲ್ಲಿ ತೃಪ್ತಿಯಾದರೆ, ಉಳಿತಾಯ ನಿಜ. ಪ್ರಸಾರ ಭಾರತಿಯೂ 2024ರ ನವೆಂಬರ್‌ನಲ್ಲಿ ‘ವೇವ್ಸ್’ ಎಂಬ ಆ್ಯಪ್ ತಂದಿದೆ. ಆದರೆ ಸಂಜೆ ಹೊತ್ತು ಚಂದನವನ್ನೋ ವಾರ್ತೆಯನ್ನೋ ನೋಡುವ, ಇಂಟರ್‌ನೆಟ್ಟಿನ ಗೊಡವೆ ಬೇಡವೆನ್ನುವ ಹಿರಿಯ ದಂಪತಿಗೆ ಕಡ್ಡಿ ಹೊಸ ಖರ್ಚೇ ಸರಿ; ಅವರಿಗೆ ಫ್ರೀ ಡಿಶ್ ಸಾಕು. ಕನ್ನಡದ ಎಲ್ಲ ಧಾರಾವಾಹಿಗಳೂ ಬೇಕೆನ್ನುವ ಮನೆಗೆ ಕೇಬಲ್ ಈಗಲೂ ಸರಳ ದಾರಿ.

ಮನೆಯ ಲೆಕ್ಕದಾಚೆಗೆ ಊರಿನ ಲೆಕ್ಕವೂ ಒಂದಿದೆ. ಕೇಬಲ್ ಆಪರೇಟರ್ ಊರಿನ ಜಾತ್ರೆ, ಸಭೆ-ಸಮಾರಂಭಗಳನ್ನು ತನ್ನದೇ ವಾಹಿನಿಯಲ್ಲಿ ತೋರಿಸಬಲ್ಲವನಾಗಿದ್ದ. ಚಿತ್ರ ಕೈಕೊಟ್ಟರೆ ಸಂಜೆಯೊಳಗೆ ಬಾಗಿಲಿಗೆ ಬರಬಲ್ಲವನಾಗಿದ್ದ. ಅವನು ಚಂದನ ವಾಹಿನಿಯನ್ನು ಕೊಡಲೇಬೇಕೆಂದು ಕಾನೂನು ಹೇಳಿತ್ತು. ಕಡ್ಡಿಯ ಮೊದಲ ಪರದೆಯಲ್ಲಿ ಯಾವುದು ಕಾಣಬೇಕೆಂಬುದಕ್ಕೆ ಅಂಥ ಕಡ್ಡಾಯವಿಲ್ಲ. ಅದನ್ನು ತೀರ್ಮಾನಿಸುವವರು ದೂರದ ಕಂಪೆನಿಗಳು. ತರಂಗಗಳು ಸಾರ್ವಜನಿಕರ ಸ್ವತ್ತೆಂದ 1995ರ ತೀರ್ಪು ಈ ಹೊಸ ದಾರಿಗೆ ಹೇಗೆ ಅನ್ವಯಿಸಬೇಕು, ಫ್ರೀ ಡಿಶ್‌ನಲ್ಲಿ ಕನ್ನಡಕ್ಕೆ ಹೆಚ್ಚು ಜಾಗ ಹೇಗೆ ಸಿಗಬೇಕು ಎಂಬ ಪ್ರಶ್ನೆಗಳನ್ನು ಕೇಳಲು ಸಾಲಗಾಮೆ ರಸ್ತೆಯ ಊರಿಗಿಂತ ಹೆಚ್ಚಿನ ಹಕ್ಕು ಇನ್ನಾರಿಗಿದೆ?